ಅಕ್ಕನಿಗೆ ಕೊಡದ ಮೈಕು

ನನ್ನ ಅಕ್ಕ ಮಾತಾಡಬೇಕೆಂದು ಕೇಳಿದಾಗ ನಾನು ಅವಳಿಗೆ ಮೈಕು ಕೊಡಲಿಲ್ಲ. ಕೊಡುವುದು ಬಿಡುವುದು ನನ್ನ ಕೈಯಲ್ಲೇ ಇತ್ತು. ಫೋನಿನ ಮೇಲೆ ಒಂದು ಸಲ ಬೆರಳಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಆಂಡರ್ಸನ್‌ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕ ಬೂದಿಕೋಟೆ ಕಡೆಯ ನಮ್ಮೂರಿನಲ್ಲೇ ಒಂದು ಸೀಮೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು.

ಮೊದಲು ಡೈರಿಯ ಸಭೆ ಅರಳಿಕಟ್ಟೆಯ ಮೇಲೆ ನಡೆಯುತ್ತಿತ್ತು. ಆ ಗಲಾಟೆಯಲ್ಲಿ ಬರಿಗೈ ಎತ್ತಿದರೆ ಯಾರಿಗೂ ಕಾಣುತ್ತಿರಲಿಲ್ಲ. ಅದಕ್ಕೇ ಮಾತಾಡಬೇಕಾದವರು ಹಾಲಿನ ಕ್ಯಾನಿನ ಮುಚ್ಚಳ ಎತ್ತಿ ಹಿಡಿಯುತ್ತಿದ್ದರು. ಮುಚ್ಚಳ ಮೇಲೆದ್ದರೆ ಅಧ್ಯಕ್ಷನಾಗಲಿ ಅವನಪ್ಪನಾಗಲಿ ಸುಮ್ಮನಾಗಿ ಕೇಳಬೇಕು. ಯಾರೂ ಬರೆದಿಟ್ಟ ಕಾನೂನಲ್ಲ. ಆದರೂ ಮೀರಿದವರಿರಲಿಲ್ಲ.

ಕೊರೊನಾ ಬಂದು ಸಭೆ ಫೋನಿಗೆ ಹೋಯಿತು. ಕೊರೊನಾ ಹೋದರೂ ಸಭೆ ಕಟ್ಟೆಗೆ ವಾಪಸು ಬರಲಿಲ್ಲ. ಅಧ್ಯಕ್ಷರು ಬಂಗಾರಪೇಟೆಯಲ್ಲಿ ಮನೆ ಮಾಡಿದ್ದರು. ಸೋಫಾದ ಮೇಲೆ ಕೂತು ಊರು ನಡೆಸುವುದು ಅವರಿಗೆ ಹಿತವಾಗಿತ್ತು. ಫೋನು ಬಲ್ಲವನೆಂದು ನನ್ನನ್ನು ಹೋಸ್ಟ್ ಮಾಡಿದರು. ಯಾರನ್ನು ಒಳಗೆ ಬಿಡಬೇಕು, ಯಾರ ಮೈಕು ತೆರೆಯಬೇಕು, ಯಾರ ಮುಖ ಕಾಣಬೇಕು, ಎಲ್ಲ ನನ್ನ ಬೆರಳ ತುದಿಯಲ್ಲಿ! ಕಟ್ಟೆಯ ಮೇಲೆ ಯಾರಿಗೂ ಇರದಿದ್ದ ಅಧಿಕಾರ ಅದು. ನಾನು ಉಬ್ಬಿಹೋದೆ.

ಆ ಸಲ ತೀರ್ಮಾನ ಆಗಬೇಕಿದ್ದದ್ದು ಹಾಲು ಹಾಕುವ ಜಾಗದ ವಿಷಯ. ಲಾರಿಗೆ ಅನುಕೂಲವೆಂದು ಅದನ್ನು ಕೆರೆಯಾಚೆ ಟಾರು ರಸ್ತೆಗೆ ಸಾಗಿಸಬೇಕಂತೆ. ಹಸು ಒದ್ದು ಅಕ್ಕನ ಮಂಡಿ ಹಾಳಾಗಿತ್ತು. ಕ್ಯಾನು ಹೊತ್ತು ಕೆರೆ ಏರಿ ದಾಟುವುದು ಅವಳಿಂದ ಆಗುವ ಮಾತಲ್ಲ. ಬೆಳಿಗ್ಗೆಯೇ ಫೋನು ಮಾಡಿದಳು.

“ಲೇ, ಬೆಳಗ್ಗೆ ಹಾಲು ಇಲ್ಲೇ ತಗೊಳ್ಳಿ, ಸಾಯಂಕಾಲದ್ದು ಯಾರ ಕೈಲಾದ್ರೂ ಅಲ್ಲಿಗೆ ಕಳಿಸ್ತೀನಿ ಅಂತ ಕೇಳ್ತೀನಿ ಕಣ್ಲಾ. ಮೈಕು ಬಿಡೋನು ನೀನೇ ಅಲ್ವಾ?”

“ಬಿಡ್ತೀನಿ ಓಗಕ್ಕ.”

ಅವಳು ಕೇಳಬೇಕೆಂದಿದ್ದದ್ದು ಅಷ್ಟೇ. ಅಷ್ಟಕ್ಕೇ ಅಧ್ಯಕ್ಷರಿಗೆ ಭಯ.

“ನಿಮ್ಮಕ್ಕನ ಬಾಯಿ ಗೊತ್ತಲ್ಲಪ್ಪ,” ಎಂದರು ಆಮೇಲೆ ಫೋನಿನಲ್ಲಿ. “ಬಿಟ್ರೆ ನನ್ನ ಮೂರು ತಲೆಮಾರು ಜಾಡಿಸ್ತಾಳೆ. ಎಲ್ಲಾ ಮ್ಯೂಟಲ್ಲೇ ಇರ್ಲಿ. ನಾನು ಹೇಳಿದೋರಿಗೆ ಮಾತ್ರ ಮೈಕು ಬಿಡು.”

ನಿಜ ಹೇಳುತ್ತೇನೆ, ಅಕ್ಕನ ಬಾಯಿಗೆ ನನಗೂ ನಾಚಿಕೆಯಿತ್ತು. ಹೂಂ ಅಂದೆ.

ಸಭೆ ಶುರುವಾಗಿ ಸ್ವಲ್ಪ ಹೊತ್ತಿಗೆ ಅಕ್ಕನ ಚೌಕದಲ್ಲಿ ಮುಖ ಹೋಗಿ ಬೆಳ್ಳಗೆ ಹೊಳೆಯುವ ಬಿಲ್ಲೆಯೊಂದು ಬಂತು. ಕ್ಯಾನಿನ ಮುಚ್ಚಳ! ಮನೆಯೊಳಗೆ ಕೂತು, ಕಟ್ಟೆಯ ಮೇಲೆ ಎತ್ತಿದಂತೆಯೇ ಎತ್ತಿ ಹಿಡಿದಿದ್ದಳು. ಅದರ ಅರ್ಥ ಅಧ್ಯಕ್ಷರಿಗೆ ಗೊತ್ತಿರಲಿಲ್ಲವೇ? ಅದೇ ಊರಿನಲ್ಲಿ ಹುಟ್ಟಿದವರು.

“ಏನ್ರಪ್ಪಾ ಅದು, ಊಟದ ತಟ್ಟೆನಾ? ಬಡಿಸ್ಬೇಕಾ?” ಎಂದರು. ಮೈಕು ಇದ್ದ ನಾಲ್ವರು ನಕ್ಕರು. ಮೈಕು ಇಲ್ಲದವರು ಏನೆಂದರೋ ಯಾರಿಗೆ ಗೊತ್ತು. “ಕಣ್ಣಿಗೆ ಹೊಡೀತದೆ, ಆರಿಸಪ್ಪ ಅದನ್ನ.”

ನಾನು ಅಕ್ಕನ ವಿಡಿಯೋ ಆರಿಸಿದೆ.

“ಯಾರದೂ ತಕರಾರಿಲ್ಲ” ಎಂದು ಅಧ್ಯಕ್ಷರು ಸಭೆ ಮುಗಿಸಿದರು. ತಕರಾರಿಲ್ಲವಂತೆ! ಊರಿನ ಬಾಯಿಗೆಲ್ಲ ಬೀಗ ಹಾಕಿಸಿ, ಸದ್ದೇ ಇಲ್ಲವೆಂದು ಹೇಳಲು ಎಂಥ ಧೈರ್ಯ ಬೇಕು! ಆ ಬೀಗದ ಕೈ ಹಿಡಿದು ಕೂತಿದ್ದವನು ನಾನು. ಇವತ್ತಿಗೂ ಅವರ ಮೇಲೆ ಎಷ್ಟು ಸಿಟ್ಟು ಬರುತ್ತದೋ ಅದರ ದುಪ್ಪಟ್ಟು ನನ್ನ ಮೇಲೆ ಬರುತ್ತದೆ.

ಹಾಲು ಹಾಕುವ ಜಾಗ ಕೆರೆಯಾಚೆಗೆ ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕ ಹಸುವನ್ನು ಕ್ಯಾಸಂಬಳ್ಳಿಯವರಿಗೆ ಮಾರಿದಳು. ಸುದ್ದಿ ಕೇಳಿ ಊರಿಗೆ ಹೋದೆ. ಖಾಲಿ ಕ್ಯಾನು ಗೋಡೆಯ ಪಕ್ಕ ಬೋರಲು ಬಿದ್ದಿತ್ತು.

“ಅವತ್ತು ನೆಟ್‌ವರ್ಕ್ ಸರಿ ಇರ್ಲಿಲ್ಲಕ್ಕ,” ಎಂದೆ.

“ಸುಳ್ಳು ಬೊಗಳ್ಬೇಡ. ಮುಗಿಯೋ ತನ್ಕ ಮುಚ್ಳ ಎತ್ತಿಡ್ಕೊಂಡಿದ್ದೆ, ತೋಳೇ ಬಿದ್ದೋಯ್ತು. ಪಕ್ಕದ್ಮನೆ ಉಡ್ಗಿ ಬಂದು, ನಿಮ್ ಮುಖಾನೇ ಬತ್ತಿಲ್ಲ ಅತ್ತೆ ಅಂದ್ಳು. ಯಾರ್ಲಾ ಆರಿಸಿದ್ದು?”

“ನಾನೇ.”

ಅಕ್ಕ ಎದ್ದು ಒಲೆಯ ಮೇಲೆ ಕಾಫಿಗೆ ನೀರಿಟ್ಟಳು. ನಾನು ಕಾಲು ಹಿಡಿಯಲು ಬಗ್ಗಿದೆ.

“ಏಳ್ಲಾ ಮೇಲೆ. ಊರ್ ಮುಂದೆ ನನ್ ಬಾಯಿ ಮುಚ್ಸಿ, ಇಲ್ಲಿ ಒಲೆ ಪಕ್ಕ ಪಿಸುಗುಟ್ಬೇಡ. ಕಾಫಿ ಕುಡ್ದು ಓಗು.”

ಕಾಫಿ ಕುಡಿದೆ. ಹೊರಡುವಾಗ ಕ್ಯಾನಿನ ಮುಚ್ಚಳ ಕೇಳಿದೆ. ಯಾಕೆಂದು ಕೇಳದೆ ಕೊಟ್ಟಳು.

ಮುಂದಿನ ಸಭೆಗೂ ನಾನೇ ಹೋಸ್ಟ್. ಹಸು ಇಲ್ಲದಿದ್ದರೂ ಅಕ್ಕ ಇನ್ನೂ ಡೈರಿಯ ಸದಸ್ಯೆಯೇ, ಅವಳನ್ನೂ ಒಳಗೆ ಬಿಟ್ಟೆ. ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಎಲ್ಲರಿಗೂ ಮೈಕಿನ ಅನುಮತಿ ಕೊಟ್ಟೆ. ಒಬ್ಬೊಬ್ಬರದಾಗಿ ತೆರೆದುಕೊಂಡವು. ಮೇಕೆ ಕೂಗು, ಕುಕ್ಕರಿನ ವಿಷಲ್ಲು, ಯಾರದೋ ಮನೆಯ ತಮಿಳು ಸೀರಿಯಲ್ಲು. ಕಟ್ಟೆಯೇ ಎದ್ದು ಬಂದಂತಾಯಿತು.

“ಏನ್ಲೇ ಮಾಡ್ತಿದ್ದೀಯ, ಮ್ಯೂಟ್ ಮಾಡ್ಲೇ!” ಎಂದು ಅಧ್ಯಕ್ಷರು ಕಿರುಚಿದರು. ಅವರ ಮೈಕನ್ನೂ ಮುಚ್ಚಲಿಲ್ಲ. ಅವರದೂ ಒಂದು ಬಾಯಿ, ಇರಲಿ.

ನಾನು ಮುಚ್ಚಳ ಎತ್ತಿ ಹಿಡಿದೆ. ಮೊದಲು ಹೆಂಗಸರು ಸುಮ್ಮನಾದರು, ಆಮೇಲೆ ಗಂಡಸರು, ಕೊನೆಗೆ ಅಧ್ಯಕ್ಷರು. ಅಕ್ಕ ತನ್ನ ಚೌಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಊರೆಲ್ಲ ಕೇಳುತ್ತಿದ್ದಾಗ ಹೇಳಿದೆ:

“ಅಕ್ಕಾ, ಅವತ್ತು ನೀನು ಮುಚ್ಳ ಎತ್ತಿದ್ದು ನಂಗೆ ಕಾಣ್ತಿತ್ತು. ನಿನ್ನ ಆರಿಸ್ದೋನು ನಾನು. ತಪ್ಪಾಯ್ತಕ್ಕ.”