ಅತ್ತೆ ಎತ್ತಿದ ಸೋಬಾನೆ

ಈ ವರ್ಷದ ಸಾಹಿತ್ಯ ಕಲಾ ಹಬ್ಬಕ್ಕೆಂದು ರಾಮನಗರದಲ್ಲಿ ಬಸ್ಸಿಳಿದಾಗ ರೇಷ್ಮೆಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಯಿತು. ಹೊಸಬರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಪಕ್ಕದ ಮನೆಯ ಅತ್ತೆಯೇ ಎದುರು ಬಂದ ಹಾಗಾಯಿತು…

ಸಂಬಂಧದಲ್ಲಿ ಅವರು ಅತ್ತೆಯಲ್ಲ. ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಹಗಲೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟು ನೂಲು ಬಿಚ್ಚುವ ಕೆಲಸ. ಸೀರೆ ಬದಲಿಸಿದರೂ ಆ ವಾಸನೆ ಹೋಗುತ್ತಿರಲಿಲ್ಲ. ಆದರೆ ಯಾರ ಮನೆಯ ಮದುವೆಯಾದರೂ ಅರಿಶಿನ ಹಚ್ಚುವಾಗ ಸೋಬಾನೆ ಹಾಡಲು ಅತ್ತೆಯೇ ಬರಬೇಕು. ಗಂಡಿನ ಕಡೆಯವರೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು.

ಒಮ್ಮೆ ಹಬ್ಬದವರು ಅವರನ್ನು ವೇದಿಕೆಗೆ ಕರೆದರು. ಅತ್ತೆಯ ಗಂಡ, ನಮ್ಮೆಲ್ಲರ ಮಾವ, "ಓದಿರೋರ ಮುಂದೆ ನಿಂತ್ಕಂಡು ನಮ್ಮ ಮಾನ ಕಳೀಬ್ಯಾಡ" ಎಂದು ರೇಗಿದರು. ಅತ್ತೆ ತಲೆ ಬಾಚಿಕೊಂಡು, ನನ್ನನ್ನೂ ಹೊರಡಿಸಿದರು. ಮಾವ ಬೈಯುತ್ತಲೇ ಹಿಂದೆ ಬಂದರು.

ಭಾಷಣಕಾರರು ಹೊತ್ತನ್ನೆಲ್ಲ ನುಂಗಿ ನೀರು ಕುಡಿದ ಮೇಲೆ ಅತ್ತೆಯ ಸರದಿ ಬಂತು. ಮೈಕಿನ ಮುಂದೆ ಒಬ್ಬರನ್ನೇ ನಿಲ್ಲಿಸಿದರು. ಅತ್ತೆ ಮೊದಲ ಸಾಲು ಎತ್ತಿದರು… ನಿಲ್ಲಿಸಿದರು. ಮತ್ತೆ ಎತ್ತಿದರು, ಮತ್ತೆ ನಿಲ್ಲಿಸಿದರು. ಅಂಥ ಸಭೆಯಲ್ಲಿ ಬಾಯಿ ಬಿಡಬಹುದೋ ಬಾರದೋ ನಮಗ್ಯಾರಿಗೂ ತಿಳಿಯಲಿಲ್ಲ. ಯಾರೋ ನಕ್ಕರು. ಮಾವ ತಲೆ ತಗ್ಗಿಸಿದರು. ನಿರೂಪಕ ಓಡಿಬಂದು, "ಮರೆತುಹೋಯ್ತೇನಮ್ಮಾ? ಪರವಾಗಿಲ್ಲ, ಕೂತ್ಕೊಳ್ಳಿ" ಎಂದು ಮೈಕಿಗೆ ಕೈ ಹಾಕಿದ.

ಅತ್ತೆ ಮೈಕು ಬಿಡಲಿಲ್ಲ. "ಮರ್ತಿಲ್ಲ ಕಣಪ್ಪ. ನಾನು ಎತ್ಕೊಟ್ರೆ ಹಿಂದೆ ಹೇಳೋರು ಬ್ಯಾಡ್ವಾ? ಸೋಬಾನೆನ ಒಬ್ಳೇ ಹಾಡಿದ್ರೆ ಮದ್ವೆ ಮನೇಗೆ ಜನವೇ ಬಂದಿಲ್ಲ ಅಂದಂಗೆ. ಇಷ್ಟೊಂದು ಹೆಣ್ಮಕ್ಕಳು ಕುಂತವ್ರೆ, ಒಬ್ರಿಗೂ ಬಾಯಿಲ್ವಾ?"

ಮತ್ತೆ ಎತ್ತಿದರು. ನಾನು ಎದ್ದು ನಿಂತು ಆ ಸಾಲನ್ನೇ ಹೇಳಿದೆ. ಊಟ ಬಡಿಸಲು ಬಂದಿದ್ದ ಹೆಂಗಸರು ಹಿಂದಿನಿಂದ ದನಿಗೂಡಿಸಿದರು. ನೋಡನೋಡುತ್ತ ಮುಂದಿನ ಸಾಲಿನ ಅಧ್ಯಾಪಕಿಯರೂ ಸೇರಿಕೊಂಡರು. ಎಲ್ಲರಿಗೂ ಬರುತ್ತಿತ್ತು! ಮಾವ ಅಕ್ಕಪಕ್ಕದವರಿಗೆಲ್ಲ, "ನಮ್ಮನೆಯವ್ಳು ಕಣ್ರೀ" ಎಂದು ಕೂಗಿ ಹೇಳುತ್ತಿದ್ದರು. ಆ ಹೊತ್ತು ನನಗಾದ ಹೆಮ್ಮೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಆಮೇಲೆ ಪ್ರತಿ ಹಬ್ಬಕ್ಕೂ ಅವರು ಎತ್ತಿಕೊಡುವುದು, ನಾವು ಹಿಂದೆ ಹೇಳುವುದು. ಹೋದ ವರ್ಷ ಅತ್ತೆ ತೀರಿಕೊಂಡರು. ಮಾಡಬೇಕಾದ್ದನ್ನೆಲ್ಲ ಓಡಾಡಿ ಮಾಡಿದೆ. ಅಳಲು ಬಿಡುವೇ ಆಗಲಿಲ್ಲ…

ಈ ಸಲ ವೇದಿಕೆಯ ಮೇಲೆ ಹೆಣ್ಣುಮಕ್ಕಳೆಲ್ಲ ಸಾಲಾಗಿ ಕೂತೆವು. ಎಂದಿನಂತೆ ನಾನು ಮೊದಲ ಸಾಲಿಗೆ ಕಿವಿಗೊಟ್ಟು ಕಾದೆ. ಪಕ್ಕದವಳು ಮೆಲ್ಲಗೆ ತಿವಿದಳು: "ಅಕ್ಕಾ, ನೀವೇ ಎತ್ಬೇಕು."