ಕೆಳಗ ಅದೀನ್ರಿ, ತಡೀರಿ

ಇದನ್ನು ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ಬನಹಟ್ಟಿಯಲ್ಲಿ ಒಂದು ಮಗ್ಗದ ಶೆಡ್ಡಿದೆ. ಅದರ ಹಿಂದಿನ ಮೂಲೆಯಲ್ಲಿ ಒಂದು ಕಂಬವಿದೆ. ಆ ಕಂಬದ ಗುಂಡಿ ತೋಡಿದವನು ನಾನು. ಬೇಕಾದವರು ಹೋಗಿ ಕಂಬ ಮುಟ್ಟಿ ನೋಡಬಹುದು. ನಾನು ಮಾತ್ರ ಜೊತೆಗೆ ಬರುವುದಿಲ್ಲ.

ನಮ್ಮೂರು ಹುನ್ನೂರ. ನೆಲ ಅಗೆಯುವ ಸಣ್ಣ ಮಷಿನ್ ಒಂದಿದೆ ನನ್ನ ಹತ್ತಿರ. ದೊಡ್ಡ ಮಷಿನ್ ನುಗ್ಗದ ಇಕ್ಕಟ್ಟಿನ ಜಾಗಗಳೇ ನನ್ನ ಹೊಟ್ಟೆಪಾಡು. ಜಮಖಂಡಿಯ ಅಂಗಡಿ ಸಾಲು, ಮಹಾಲಿಂಗಪುರದ ಬೆಲ್ಲದ ಗೋದಾಮು, ಮುಧೋಳದ ಗಿರಣಿ... ಎಲ್ಲೇ ಆಗಲಿ, ಕಂಬಕ್ಕೆ ಗುಂಡಿ ತೋಡಿ, ತಳಕ್ಕೆ ಬೆಡ್ ಕಾಂಕ್ರೀಟ್ ಹಾಕಿ ಕೊಡುವವರೆಗೆ ನನ್ನ ಜವಾಬ್ದಾರಿ. ಅದರ ಮೇಲೆ ಕಂಬ ಎಬ್ಬಿಸುವವರು ಬೇರೆ.

ನನ್ನ ಜೊತೆ ಮಲ್ಲಪ್ಪ ಇರುತ್ತಿದ್ದ. ಬೀಳಗಿ ಹತ್ತಿರದವನು, ನನಗಿಂತ ಎರಡು ವರ್ಷ ಚಿಕ್ಕವನು. ಮಷಿನ್ ಎಷ್ಟೇ ತೋಡಲಿ, ಗುಂಡಿಯ ಮೂಲೆಗಳನ್ನು ಸಲಿಕೆಯಿಂದಲೇ ಸವರಬೇಕು. ಆ ಕೆಲಸ ಅವನದು. ಅವನು ಏಣಿ ಹಚ್ಚಿ ಇಳಿಯುತ್ತಿದ್ದ, ಸವರುತ್ತಿದ್ದ, ಹತ್ತಿ ಬರುತ್ತಿದ್ದ. ಆಮೇಲೆ ಆ ಮಣ್ಣೆತ್ತಲು ನಾನು ಮಷಿನ್ನಿನ ಬಕೆಟ್ ಇಳಿಸುತ್ತಿದ್ದೆ.

ಮಷಿನ್ ಮೇಲೆ ಕುಳಿತವನಿಗೆ ಗುಂಡಿಯ ತಳ ಕಾಣುವುದಿಲ್ಲ. ಅದಕ್ಕೇ ನಮ್ಮಿಬ್ಬರಲ್ಲಿ ಒಂದು ಕಟ್ಟಳೆ ಇತ್ತು. ಬಕೆಟ್ ಇಳಿಸುವ ಮುಂಚೆ ನಾನು ಕೂಗುತ್ತಿದ್ದೆ, "ಎಲ್ಲಿ ಅದೀಯೋ?" ಮೇಲಿದ್ದರೆ ಅವನು "ಮ್ಯಾಲ ಅದೀನ್ರಿ" ಅನ್ನುತ್ತಿದ್ದ. ಕೆಳಗಿದ್ದರೆ "ಕೆಳಗ ಅದೀನ್ರಿ, ತಡೀರಿ" ಅನ್ನುತ್ತಿದ್ದ. ಉತ್ತರ ಬರದೆ ನಾನು ಬಕೆಟ್ ಮುಟ್ಟುತ್ತಿರಲಿಲ್ಲ. ಒಂಬತ್ತು ವರ್ಷ ಹೀಗೇ ನಡೆದಿತ್ತು, ಒಂದು ಉಗುರೂ ಮುಕ್ಕಾಗಿರಲಿಲ್ಲ.

ಬನಹಟ್ಟಿಯ ಸಾವಕಾರರಿಗೆ ಶೆಡ್ಡು ಹಿಗ್ಗಿಸಬೇಕಾಗಿತ್ತು. ನಾಲ್ಕು ಕಂಬ, ನಾಲ್ಕು ಗುಂಡಿ. ಆದರೆ ಹಗಲು ತೋಡಿದರೆ ಧೂಳು ಹಾರಿ ನೂಲಿನ ಮೇಲೆ ಕೂರುತ್ತದೆ ಎಂದು ತಕರಾರು. ಹಾಗಾಗಿ ಮಗ್ಗ ನಿಂತ ಮೇಲೆ ರಾತ್ರಿಯೇ ಕೆಲಸ. ಬೆಳಗ್ಗೆ ಮಗ್ಗ ಶುರುವಾಗುವ ಮೊದಲು ಕಾಂಕ್ರೀಟ್ ಲಾರಿ ಬಂದು ಬೆಡ್ ಹಾಕಿ ಹೋಗಬೇಕು.

ಇಡೀ ದಿನ ಖಟಖಟ ಅಂದ ಮಗ್ಗಗಳು ಒಮ್ಮೆಲೇ ನಿಂತಾಗ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಶೆಡ್ಡಿನ ತುಂಬ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ. ಮೂರು ಗುಂಡಿ ಸರಾಗವಾಗಿ ಆದವು. ನಾಲ್ಕನೆಯದು ಮೂಲೆಯದು. ಎರೆ ಮಣ್ಣು ಹೋಗಿ ಗಟ್ಟಿ ಗರಸು ಸಿಕ್ಕಾಗ ಎಂಟಡಿ ಆಗಿತ್ತು. ಆ ಗುಂಡಿಯಿಂದ ಬಂದ ಗಾಳಿ ತಣ್ಣಗಿತ್ತು... ಬಹಳ ದಿನ ಮುಚ್ಚಿಟ್ಟ ಮಡಕೆಯ ಮುಚ್ಚಳ ತೆಗೆದ ಹಾಗೆ.

ಮಲ್ಲಪ್ಪ ಮೂಲೆ ಸವರಲು ಇಳಿದ. ನಾನು ಮಷಿನ್ ಬಂದ್ ಮಾಡಿ, ಆ ಕಡೆ ತಿರುಗಿ ಕುಳಿತು ಎಲೆ ಅಡಿಕೆ ಹಾಕಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಕೂಗಿದೆ.

"ಎಲ್ಲಿ ಅದೀಯೋ?"

"ಕೆಳಗ ಅದೀನ್ರಿ, ತಡೀರಿ."

ತಡೆದೆ. ಐದು ನಿಮಿಷ ಬಿಟ್ಟು ಮತ್ತೆ ಕೂಗಿದೆ. ಅದೇ ಉತ್ತರ. ಅದೇ ಸಾವಕಾಶದ ಧ್ವನಿ.

"ಏನ್ ಮಾಡಾಕತ್ತೀಯಲೇ ಅಷ್ಟೊತ್ತು? ಅಲ್ಲೇ ಮಕ್ಕೊಂಡೇನು?" ಅಂದೆ.

"ಯಾರಿಗಿ ಬೈಯಾಕತ್ತೀರಿ ಅಣ್ಣಾರ?"

ಹಿಂದಿನಿಂದ ಬಂತು ಮಾತು. ತಿರುಗಿ ನೋಡಿದರೆ ಮಲ್ಲಪ್ಪ. ಕೈಯಲ್ಲಿ ಎರಡು ಚಹಾದ ಲೋಟ. ವಾಚಮನ್ನನ ಖೋಲಿಗೆ ಹೋಗಿ ಚಹಾ ಕಾಯಿಸಿಕೊಂಡು ಬಂದಿದ್ದ. ಅವನು ಮೇಲೆ ಬಂದು ಹದಿನೈದು ನಿಮಿಷದ ಮೇಲಾಗಿತ್ತಂತೆ.

ನಾನು ಮಷಿನ್ನಿನಿಂದ ಇಳಿದು ಗುಂಡಿಯೊಳಗೆ ಬ್ಯಾಟರಿ ಬೆಳಕು ಬಿಟ್ಟೆ. ಗರಸು, ಏಣಿ, ಒಂದು ಸಲಿಕೆ. ಮತ್ತೇನೂ ಇಲ್ಲ.

ನಡೆದದ್ದನ್ನು ಹೇಳಿದೆ. ಮಲ್ಲಪ್ಪ ನಕ್ಕ. "ನಿದ್ದಿಗಣ್ಣಾಗ ಕೇಳಿಸೇತಿ ಬಿಡ್ರಿ" ಅಂದು ತಾನೇ ಗುಂಡಿಗೆ ಬಗ್ಗಿ ಕೂಗಿದ, "ಎಲ್ಲಿ ಅದೀಯೋ?" ಏನೂ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಇಲ್ಲ.

"ನೀವ ಕೇಳ್ರಿ."

ನಾನು ಕೇಳಿದೆ.

"ಕೆಳಗ ಅದೀನ್ರಿ, ತಡೀರಿ."

ಒಂದು ಲೋಟ ಅವನ ಕೈಯಿಂದ ಜಾರಿ ಗುಂಡಿಯೊಳಗೆ ಬಿತ್ತು. ಬಿದ್ದ ಸಪ್ಪಳ ನನಗೆ ಕೇಳಲಿಲ್ಲ. ಅವನಿಗೂ ಕೇಳಲಿಲ್ಲವಂತೆ, ಆಮೇಲೆ ಹೇಳಿದ.

"ಅಣ್ಣಾರ... ಅದು ನನ್ನ ಧ್ವನೀನರಿ."

ಗೊತ್ತಿತ್ತು ನನಗೆ. ಒಂಬತ್ತು ವರ್ಷ ಆ ಧ್ವನಿ ಕೇಳಿದವನು ನಾನು. ಖರೆ ಹೇಳಬೇಕೆಂದರೆ ಆ ಹೊತ್ತಿಗೆ ಹೆದರಿಕೆಯೂ ಆಗಲಿಲ್ಲ. ಚಳಿಯಲ್ಲಿ ಕೈ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಮಲ್ಲಪ್ಪ ಧೈರ್ಯದವನು. ಹಾರೆ ಹಿಡಿದು ಇಳಿದೇಬಿಟ್ಟ. ತಳವನ್ನೆಲ್ಲ ಕುಟ್ಟಿ ನೋಡಿದ. ಎಲ್ಲ ಕಡೆ ಗಟ್ಟಿ ನೆಲ. ಮೇಲೆ ಬಂದವನು ಮಣ್ಣಿನ ರಾಶಿಯ ಮೇಲೆ ಕುಳಿತು ಪಾದ ತಿಕ್ಕಿಕೊಳ್ಳತೊಡಗಿದ.

"ಇದಕ್ಕ ಇವತ್ತ ಕಾಂಕ್ರೀಟ್ ಹಾಕಬ್ಯಾಡ್ರಿ" ಅಂದ. "ಒಂದ ದಿವಸ ತಡೀರಿ. ಜಮಖಂಡಿಯಿಂದ ಯಾರನ್ನರ ಬಲ್ಲವರನ್ನ ಕರಕೊಂಡ ಬರ್ತೀನಿ. ನನ್ನ ಜೀವದ ಮಾತೈತಿ ಅಣ್ಣಾರ. ನನ್ನ ಧ್ವನಿ ಕೆಳಗ ಇಟಗೊಂಡು ಮುಚ್ಚಿಬಿಟ್ರ ಹೆಂಗರಿ?"

"ಹುಚ್ಚ ಹಿಡದೈತೇನ ನಿನಗ?" ಅಂದೆ. "ನೀ ಇಲ್ಲೇ ಕುಂತೀಯಲ್ಲೋ ನನ್ನ ಮುಂದ. ಲಾರಿ ಬಿಟ್ಟಾರ ಅಲ್ಲಿಂದ. ಕಲಸಿದ ಮಾಲು ತಡೀತೇತೇನು?"

ಹಾಗೆ ಅಂದದ್ದು ಸಿಟ್ಟಿನಿಂದಲ್ಲ, ಅವನ ಮುಖ ನೋಡಲಾಗದೆ. ನಾಳೆ ಸಾವಕಾರರ ಮುಂದೆ ನಿಂತು ಗುಂಡಿ ಮಾತಾಡಿತು ಎಂದು ಹೇಳುವುದು ಹೇಗೆ? ಈ ನಾಲ್ಕು ಊರಲ್ಲಿ ನನ್ನನ್ನು ಮತ್ತೆ ಯಾರು ಕೆಲಸಕ್ಕೆ ಕರೆದಾರು?

ನಸುಕಿನಲ್ಲಿ ಲಾರಿ ಬಂತು. ಡ್ರಮ್ಮು ಗರಗರ ತಿರುಗುತ್ತಿತ್ತು. ಮೂರು ಗುಂಡಿಗೆ ಸುರಿದಾಯಿತು. ಲಾರಿ ಹಿಂದಕ್ಕೆ ಬಂದು ಮೂಲೆಗೆ ನಿಂತಿತು. ಡ್ರೈವರನ ಪಕ್ಕ ನಿಂತಿದ್ದ ಮಲ್ಲಪ್ಪ ನನ್ನ ಕಡೆ ನೋಡಿ ಕೈ ಮುಗಿದ. ಡ್ರಮ್ಮಿನ ಸಪ್ಪಳದಲ್ಲಿ ಚೀರಿ ಹೇಳಿದ.

"ಇನ್ನೊಂದ ಸಲ ಕೇಳ್ರಿ. ಉತ್ತರಾ ಬರಲಿಲ್ಲಂದ್ರ ಸುರೀರಿ. ನಾ ಏನೂ ಅನ್ನಂಗಿಲ್ಲ."

ಅವನು ನಿಂತಲ್ಲಿಗೆ ಗುಂಡಿಯ ಮಾತು ಕೇಳುವ ಹಾಗಿರಲಿಲ್ಲ. ನನಗೆ ಮಾತ್ರ ಕೇಳಬೇಕು. ನಾನು ಅಂಚಿನಲ್ಲಿ ಮೊಣಕಾಲೂರಿ ಬಗ್ಗಿದೆ. ಮೂಗಿಗೆ ಹಸಿ ಸಿಮೆಂಟಿನ ವಾಸನೆ, ಮುಖಕ್ಕೆ ಆ ತಣ್ಣನೆ ಗಾಳಿ...

"ಎಲ್ಲಿ ಅದೀಯೋ?"

"ಕೆಳಗ ಅದೀನ್ರಿ..." ಈ ಸಲ ಧ್ವನಿ ಅವಸರದಲ್ಲಿತ್ತು. "ತಡೀರಿ, ತಡೀರಿ."

ನಾನು ಎದ್ದು ಮೊಣಕಾಲಿನ ಮಣ್ಣು ಝಾಡಿಸಿಕೊಂಡೆ. ಮಲ್ಲಪ್ಪನ ಕಡೆ ನೋಡಿ ಕೈ ಅಲ್ಲಾಡಿಸಿದೆ.

"ಏನೂ ಇಲ್ಲ. ಸುರೀರಿ."

ಸುರಿದರು. ಎರಡು ನಿಮಿಷದ ಕೆಲಸ. ಮಲ್ಲಪ್ಪ ನಿರಾಳವಾಗಿ ಉಸಿರು ಬಿಟ್ಟದ್ದು ನನಗೆ ಕಾಣಿಸಿತು. ನನ್ನ ಮಾತನ್ನು ಅವನು ನಂಬಿದ್ದ. ಕಟ್ಟಳೆಯೇ ಹಾಗಿತ್ತು, ಅವನು ಹೇಳಿದ್ದನ್ನು ನಾನು ನಂಬಬೇಕು, ನಾನು ಹೇಳಿದ್ದನ್ನು ಅವನು ನಂಬಬೇಕು.

ಕಾಂಕ್ರೀಟ್ ಬಿಗಿಯಬೇಕಾದರೆ ಹೊತ್ತೊತ್ತಿಗೆ ನೀರು ಹೊಡೆಯಬೇಕು. ಶೆಡ್ಡಿನ ಆಳು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಡೆಯುತ್ತಿದ್ದ. ನಾವು ಆಗಲೇ ಲೋಕಾಪುರದಲ್ಲಿ ಬೇರೆ ಕೆಲಸ ಹಿಡಿದಿದ್ದೆವು. ಅಲ್ಲಿ ಮಲ್ಲಪ್ಪ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಚಪ್ಪಲಿ ಬಿಟ್ಟು ಪಾದ ಒರೆಸಿಕೊಳ್ಳುತ್ತಿದ್ದ.

"ಒದ್ದಿ ಆದಂಗ ಆಗತಾವ್ರಿ" ಅನ್ನುತ್ತಿದ್ದ. ನಾನು ಮುಟ್ಟಿ ನೋಡಿದೆ. ಒಣಗಿದ್ದವು. ತಣ್ಣಗಿದ್ದವು.

ಎಂಟು ದಿನಕ್ಕೆ ಅಲ್ಲಿ ನೀರು ಹೊಡೆಯುವುದು ನಿಂತಿತು, ಇಲ್ಲಿ ಒದ್ದೆ ಹೋಯಿತು. ಆಮೇಲೆ ಪಾದ ಮರಗಟ್ಟಿದವು. ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಜಮಖಂಡಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಸಕ್ಕರೆ ಕಾಯಿಲೆ ಇಲ್ಲ, ನರದ ದೋಷ ಇಲ್ಲ, ಏನೂ ಕಾಣಿಸುತ್ತಿಲ್ಲ ಅಂದರು. ಏಣಿ ಹತ್ತಲು ಆಗದವನು ಗುಂಡಿ ಕೆಲಸ ಹೇಗೆ ಮಾಡಿಯಾನು? ಮಲ್ಲಪ್ಪ ಊರಿಗೆ ಹೋದ. ಹೋಗುವಾಗಲೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಗೊತ್ತಿಲ್ಲ.

ಮೊನ್ನೆ ಸಂಜೆ ಅವನ ಹೆಂಡತಿ ಶಾಂತವ್ವ ಫೋನು ಮಾಡಿದ್ದಳು.

"ಅಣ್ಣಾರ, ಒಂದ ಮಾತ ಕೇಳಲೇನ್ರಿ? ಇವ್ರು ರಾತ್ರಿ ನಿದ್ದ್ಯಾಗ ಮಾತಾಡತಾರ್ರಿ. ದಿನಾ ಒಂದ ಮಾತು. ಕೆಳಗ ಅದೀನ್ರಿ ತಡೀರಿ, ಅಂತಾರ."

"ಕೆಲಸದ ಮಾತವ್ವ ಅದು. ರೂಢಿ ಆಗಿರತೇತಿ."

"ಅದಲ್ಲರಿ... ಯಾರೋ ಕೇಳಿದ್ದಕ್ಕ ಉತ್ತರಾ ಕೊಟ್ಟಂಗ ಅಂತಾರ್ರಿ. ಮೊದಲ ಕಿವಿಗೊಟ್ಟು ಸುಮ್ಮನ ಇರತಾರ, ಆಮ್ಯಾಲ ಅಂತಾರ. ಅವರ್ನ ಯಾರ ಕೇಳತಾರ್ರಿ?"

ನನಗೇನು ಗೊತ್ತವ್ವ ಅಂದು ಫೋನು ಇಟ್ಟೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಯಾರದು ಫೋನು ಅಂತ ಕೇಳಿದಳು. ಮಲ್ಲಪ್ಪನ ಮನೆಯಿಂದ ಅಂದೆ.

"ಒಮ್ಮಿ ಹೋಗಿ ಅವರ ಮಾರಿ ನೋಡಿ ಬರ್ರಿ" ಅಂದಳು, ಹಂಚಿನಿಂದ ಕಣ್ಣು ತೆಗೆಯದೆ. "ದಿನಾ ರಾತ್ರಿ ನಿದ್ದ್ಯಾಗ ಅವರನ್ನ ಕೇಳತೀರಲ್ಲ, ಎಲ್ಲಿ ಅದೀಯೋ ಮಲ್ಲಪ್ಪಾ, ಎಲ್ಲಿ ಅದೀಯೋ, ಅಂತ."

ನಾನು ಒಲೆಯ ಹತ್ತಿರ ಹೋಗಿ ಕುಳಿತೆ.

"ಕೇಳಿ ಆಮ್ಯಾಲ ಏನ್ ಮಾಡತೀನಿ?"

"ಸುಮ್ಮನ ಕೇಳಿಸಿಕೊಂಡಂಗ ಮಾಡತೀರಿ" ಅಂದಳು. ರೊಟ್ಟಿ ತಿರುವಿ ಹಾಕಿದಳು. "ಆಮ್ಯಾಲ, ಏನೂ ಇಲ್ಲ ಸುರೀರಿ, ಅಂತೀರಿ."

ಹುನ್ನೂರಿನಿಂದ ಬೀಳಗಿಗೆ ಬಸ್ಸಿದೆ. ಇನ್ನೂ ಹೋಗಿಲ್ಲ ನಾನು.