ಅವ್ವನ ಮುಂದೆ ಅವಳ ಮಾತು

ಸಾರಕ್ಕಿಯ ನಮ್ಮ ಮನೆಯಿಂದ ಜಯನಗರದ ಗೆಳತಿಯ ಮನೆಗೆ ಅರ್ಧ ಗಂಟೆಯ ನಡಿಗೆ. ದಾರಿಯುದ್ದಕ್ಕೂ ಬಾಯೊಳಗೇ ಅಭ್ಯಾಸ ಮಾಡುತ್ತಿದ್ದೆ: ‘ಬತ್ತೀನಿ’ ಅಲ್ಲ, ‘ಬರ್ತೀನಿ’. ‘ಓಯ್ತೀನಿ’ ಅಲ್ಲ, ‘ಹೋಗ್ತೀನಿ’. ಎಪ್ಪತ್ತರ ದಶಕದ ಕೊನೆ. ಇಬ್ಬರೂ ಎಂಟನೇ ಕ್ಲಾಸು. ನಾನು ಬಾಯಿ ತೆರೆದರೆ ಕ್ಲಾಸೆಲ್ಲ ನಗುತ್ತಿತ್ತು. ಪದ್ಯ ಓದಲು ಟೀಚರ್ ಎಬ್ಬಿಸುತ್ತಿದ್ದುದು ಯಾವಾಗಲೂ ಅವಳನ್ನು. ಮಾರ್ಕ್ಸು ನನ್ನದೇ ಜಾಸ್ತಿ. ಆದರೂ ಅವಳ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು, ಕೇಳದೆ ಇರಲೂ ಆಗುತ್ತಿರಲಿಲ್ಲ.

ಆರು ತಿಂಗಳಲ್ಲಿ ಕಲಿತೆ. ಒಂದು ದಿನ ಅವಳ ಅಮ್ಮನ ಹತ್ತಿರ, ‘ಆಂಟಿ, ಕುಡಿಯೋದಕ್ಕೆ ಸ್ವಲ್ಪ ನೀರು ಕೊಡ್ತೀರಾ?’ ಎಂದೆ. ಒಂದಕ್ಷರ ತಪ್ಪಲಿಲ್ಲ.

‘ಪರವಾಗಿಲ್ವೇ, ಎಷ್ಟು ಚೆನ್ನಾಗಿ ಮಾತಾಡ್ತೀಯ. ಸಾರಕ್ಕಿಯವಳು ಅಂತ ಗೊತ್ತೇ ಆಗಲ್ಲ ನೋಡು’ ಎಂದರು. ನೀರು ಮಾತ್ರ ಎಂದಿನಂತೆ ಹಿತ್ತಿಲ ಕಿಟಕಿಯಲ್ಲಿಟ್ಟ ಬೇರೆ ಲೋಟದಲ್ಲೇ ಬಂತು. ಕುಡಿದು, ತೊಳೆದು, ಬೋರಲು ಹಾಕಿದೆ.

ಅವರೆಕಾಯಿ ಕಾಲದಲ್ಲಿ ಅವಳು ನಮ್ಮ ಮನೆಗೆ ಬಂದಳು. ಅವ್ವ ನೆನೆಹಾಕಿದ್ದ ಕಾಳನ್ನು ಮುಂದಿಟ್ಟುಕೊಂಡು ಹಿತಕುತ್ತಿದ್ದಳು. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬೋಗುಣಿಯಲ್ಲಿ. ಆ ಹೊತ್ತಿನಲ್ಲಿ ಅವ್ವನ ಮಗ್ಗುಲು ಯಾವತ್ತೂ ನನ್ನ ಜಾಗ. ಗೆಳತಿ ಲಂಗ ಮುದುರಿಕೊಂಡು ಅಲ್ಲೇ ಕೂತಳು.

‘ನಾನೂ ಇತುಕ್ತೀನಿ ಕಣವ್ವ. ಎಂಗೆ ಅಂತ ಏಳ್ಕೊಡು’ ಎಂದಳು.

ಅದು ನನ್ನಿಂದಲೇ ಎತ್ತಿಕೊಂಡ ಮಾತು. ಅಣಕಿಸ್ತಿದ್ದಾಳೆ ಅಂತ ಅವ್ವ ಈಗ ರೇಗುತ್ತಾಳೆ ಅಂದುಕೊಂಡೆ. ರೇಗಲಿ ಅಂತಲೂ ಅಂದುಕೊಂಡೆ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ನಮ್ಮನೆ ಮಗಳಂಗೇ ಮಾತಾಡ್ತೀಯಲ್ಲವ್ವ’ ಎಂದು ಅವಳ ಕೆನ್ನೆ ಸವರಿದಳು. ಮಧ್ಯಾಹ್ನ ನನ್ನ ತಟ್ಟೆಯಲ್ಲೇ ಅವಳಿಗೆ ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿದಳು. ‘ನಮ್ಮಮ್ಮಂಗೆ ಹೇಳ್ಬೇಡ ಕಣೇ’ ಎಂದು ನನ್ನ ಕಡೆ ತಿರುಗಿ ಹೇಳಿ, ಗೆಳತಿ ಎರಡನೇ ಸಲವೂ ಸಾರು ಹಾಕಿಸಿಕೊಂಡಳು.

ನಾನು ಅವರ ಮಾತಾಡಿದರೆ ಬೇರೆ ಲೋಟ. ಅವಳು ನಮ್ಮ ಮಾತಾಡಿದರೆ ನನ್ನ ತಟ್ಟೆ, ನನ್ನ ಅವ್ವ. ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಬಾಗಿಲ ಬಳಿ ನಿಂತು, ಆರು ತಿಂಗಳು ತಿದ್ದಿ ತೀಡಿದ ಮಾತಲ್ಲೇ ಕೇಳಿದೆ: ‘ಅಮ್ಮ, ನನಗೂ ಊಟ ಬಡಿಸ್ತೀರಾ?’

ಅವ್ವನ ಕೈ ನಿಂತಿತು. ನನ್ನನ್ನೇ ನೋಡಿದಳು. ಈ ಸಲ ನಗಲಿಲ್ಲ.

‘ಬಡುಸ್ತೀನಿ, ಕೂತ್ಕಳಿ’ ಎಂದು ಒಳಗೆ ಹೋಗಿ, ನೆಂಟರು ಬಂದಾಗ ಮಾತ್ರ ತೆಗೆಯುತ್ತಿದ್ದ ತಟ್ಟೆಯನ್ನು ತಂದು ನನ್ನ ಮುಂದಿಟ್ಟಳು.